ಅಂಬ್ರೆಲಾ ಲಂಗದ ಅಂಚನ್ನು ಕೂಡಲೇ ಹೊಲಿಯಬೇಡಿ

ಮಕ್ಕಳ ಡ್ಯಾನ್ಸಿಗೆ ಮನೆಯಲ್ಲೇ ಅಂಬ್ರೆಲಾ ಲಂಗ ಹೊಲಿಯುವವರು ಸೊಂಟದ ಪಟ್ಟಿ ಕೂಡಿಸಿದ ಮೇಲೆ ಒಂದು ರಾತ್ರಿ ಲಂಗವನ್ನು ತೂಗುಹಾಕಿ, ಆಮೇಲೆ ಕೆಳಗಿನ ಅಂಚು ಮಡಚಿ. ಬಟ್ಟೆಯನ್ನು ದುಂಡಗೆ ಕತ್ತರಿಸಿದಾಗ ನಾಲ್ಕು ಕಡೆ ನೂಲು ಓರೆಯಾಗಿ ಬರುತ್ತದೆ. ಆ ಭಾಗ ತನ್ನ ಭಾರಕ್ಕೇ ಎಳೆದುಕೊಂಡು ಇಳಿಯುತ್ತದೆ, ನೇರ ನೂಲಿನ ಭಾಗ ಅಷ್ಟು ಇಳಿಯುವುದಿಲ್ಲ. ಮೊದಲೇ ಹೊಲಿದುಬಿಟ್ಟರೆ ಸ್ಟೇಜ್ ಮೇಲೆ ಅಂಚು ಏರುಪೇರಾಗಿ ಕಾಣುತ್ತದೆ. ಮಾರನೇ ದಿನ ಮಗುವಿಗೆ ಲಂಗ ಹಾಕಿಸಿ, ಗೆಜ್ಜೆ ಇದ್ದರೆ ಅದನ್ನೂ ಕಟ್ಟಿಸಿ ನೆಟ್ಟಗೆ ನಿಲ್ಲಿಸಿ. ಸ್ಕೇಲನ್ನು ನೆಲಕ್ಕೆ ಊರಿ ಸುತ್ತಲೂ ಒಂದೇ ಎತ್ತರಕ್ಕೆ ಚಾಕಿನಲ್ಲಿ ಗುರುತು ಹಾಕಿ. ಸೊಂಟದಿಂದ ಕೆಳಕ್ಕೆ ಅಳೆದರೆ ಸರಿ ಬರುವುದಿಲ್ಲ. ಹೆಚ್ಚಾದದ್ದನ್ನು ಕತ್ತರಿಸಿ ಕಾಲು ಇಂಚಿನಷ್ಟೇ ಮಡಚಿ, ಏಕೆಂದರೆ ದುಂಡಗಿನ ಅಂಚಿನಲ್ಲಿ ಅಗಲ ಮಡಿಕೆ ಸುಕ್ಕಾಗುತ್ತದೆ. ಜಾರ್ಜೆಟ್, ಶಿಫಾನ್ ತುಂಬಾ ಇಳಿಯುತ್ತವೆ, ಎರಡು ದಿನ ಬಿಡಿ. ಭಾರದ ಜರಿ ಲೇಸ್ ಹಾಕುವುದಿದ್ದರೆ ಸುಮ್ನೆ ತೂಗುಹಾಕಿದರೆ ಸಾಲದು, ಲೇಸಿನ ಭಾರಕ್ಕೆ ಅದು ಮತ್ತೆ ಇಳಿಯುತ್ತದೆ. ಆಗ ತೂಗುಹಾಕುವಾಗಲೇ ಅಂಚಿನ ಸುತ್ತ ಬಟ್ಟೆ ಕ್ಲಿಪ್ ಸಿಕ್ಕಿಸಿ. ನೇರ ಬಟ್ಟೆಗೆ ನೆರಿಗೆ ಹಿಡಿದ ಲಂಗಕ್ಕೆ ಇದ್ಯಾವುದೂ ಬೇಡ.