ಗ್ರೂಪ್ ಕಾಲ್‌ನ ಕೀಲಿಕೈ ಯಾರ ಹತ್ರ ಇದೆ?

ಗಂಗಾವತಿಯ ನಮ್ಮ ಅಕ್ಕಿ ಮಿಲ್‌ನಲ್ಲಿ ದಿನಾ ಸಂಜೆ ಏಳಕ್ಕೆ ಝೂಮ್ ಕಾಲ್. ಸಿಂಧನೂರಿನ ದಲಾಲಿ, ಬೆಂಗಳೂರಿನ ಅಂಗಡಿಯವರು, ಲಾರಿ ನೋಡಿಕೊಳ್ಳುವವರು ಎಲ್ಲ ಸೇರಿ ಎಂಟು ಜನ. ಯಾವ ಊರಿಗೆ ಎಷ್ಟು ಲೋಡ್ ಸೋನಾ ಮಸೂರಿ, ಯಾರ ಬಾಕಿ ಎಷ್ಟು, ಎಲ್ಲ ಅಲ್ಲೇ ಮಾತಾಗುತ್ತದೆ. ಒಂದಿನ ನೋಡಿದರೆ ಒಂಬತ್ತು ಹೆಸರು! ಕೆಲಸ ಬಿಟ್ಟು ಎರಡು ತಿಂಗಳಾಗಿದ್ದ ಗುಮಾಸ್ತರು ಹಳೇ ಲಿಂಕ್ ಒತ್ತಿ ಒಳಗೆ ಬಂದಿದ್ದರು. ತಪ್ಪು ನಮ್ಮದೇ, ವರ್ಷಗಟ್ಟಲೆ ಒಂದೇ ಲಿಂಕ್ ಓಡಿಸಿದ್ದೆವು.

ಎನ್‌ಕ್ರಿಪ್ಷನ್ (ಮಾತನ್ನು ಕೀಲಿ ಇಲ್ಲದವರಿಗೆ ಅರ್ಥವಾಗದ ಹಾಗೆ ಬೀಗ ಹಾಕಿ ಕಳಿಸುವುದು) ಇದ್ದರೆ ಸಾಕು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಅದು ದಾರಿಯಲ್ಲಿ ಕದ್ದು ಕೇಳುವವರನ್ನು ತಡೆಯುತ್ತದೆ, ನಿಜ. ಆದರೆ ನೀವೇ ಒಳಗೆ ಬಿಟ್ಟವರಿಗೆ ಕೀಲಿಕೈಯೂ ಸಿಗುತ್ತದೆ, ಅಲ್ವಾ?

ಝೂಮ್‌ನಲ್ಲಿ ಸಾಮಾನ್ಯ ಮೀಟಿಂಗ್‌ನ ಕೀ, ಅಂದರೆ ಆ ಬೀಗದ ಕೀಲಿಕೈ, ಅವರ ಸರ್ವರ್‌ನಲ್ಲೇ ತಯಾರಾಗುತ್ತದೆ. 2020ರ ಅಕ್ಟೋಬರ್‌ನಿಂದ ಎಂಡ್-ಟು-ಎಂಡ್ (ಮಾತಾಡುವವರ ನಡುವೆ ಮಾತ್ರ ಬೀಗ ತೆರೆಯುವ) ಆಯ್ಕೆ ಇದೆ, ಅದರಲ್ಲಿ ಕೀ ಹುಟ್ಟುವುದು ನಿಮ್ಮ ಫೋನ್ ಅಥವಾ ಕಂಪ್ಯೂಟರ್‌ನಲ್ಲೇ. ಮೊದಲು ಅವರ ವೆಬ್‌ಸೈಟ್‌ಗೆ ಹೋಗಿ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ, ಆಮೇಲೆ ಮೀಟಿಂಗ್ ಇಡುವಾಗ ಅದನ್ನೇ ಆರಿಸಿ. ಪುಕ್ಕಟೆ ಖಾತೆ ಆದರೆ ಫೋನ್ ನಂಬರ್ ಖಾತ್ರಿ ಮಾಡಿಸಬೇಕು. ಎಂಡ್-ಟು-ಎಂಡ್ ಇಟ್ಟಾಗ ಕ್ಲೌಡ್ ರೆಕಾರ್ಡಿಂಗ್ (ಝೂಮ್ ಸರ್ವರ್‌ನಲ್ಲಿ ಮೀಟಿಂಗ್ ದಾಖಲಾಗುವುದು) ಇರಲ್ಲ, ಮಾಮೂಲಿ ಫೋನ್‌ನಿಂದ ಡಯಲ್ ಮಾಡಿ ಸೇರುವುದಕ್ಕೂ ಆಗಲ್ಲ. ಬಾಕಿ ಲೆಕ್ಕ ಮಾತಾಡುವ ಕಾಲ್‌ಗೆ ಇಷ್ಟು ಕಷ್ಟ ತಡೆದುಕೊಳ್ಳಬಹುದು.

ಲಿಂಕ್ ಪ್ರತಿ ಸಲ ಹೊಸದು ಮಾಡಿ. ವೇಟಿಂಗ್ ರೂಮ್ (ನೀವು ಬಿಡುವ ತನಕ ಹೊರಗೆ ಕಾಯಿಸುವ ಸೌಲಭ್ಯ) ಆನ್ ಇಡಿ, ಹೆಸರು ನೋಡಿ ಒಳಗೆ ಬಿಡಿ, ಬಂದ ಮೇಲೆ ದನಿ ಗುರುತು ಹಿಡಿಯಿರಿ. ಎಲ್ಲರೂ ಬಂದ ಮೇಲೆ ಮೀಟಿಂಗ್ ಲಾಕ್ ಮಾಡಿ.

ವಾಟ್ಸಾಪ್ ಗ್ರೂಪ್ ಕಾಲ್‌ಗೆ ಎಂಡ್-ಟು-ಎಂಡ್ ತಾನಾಗೇ ಇರುತ್ತದೆ. ಅಲ್ಲಿ ತೂತು ಇರುವುದು ಬೇರೆ ಕಡೆ. ಮಿಲ್ ಆಫೀಸಿನ ಕಂಪ್ಯೂಟರ್‌ನಲ್ಲಿ ಯಾರದೋ ವಾಟ್ಸಾಪ್ ತೆರೆದೇ ಇರುತ್ತದೆ, ಲಿಂಕ್ಡ್ ಡಿವೈಸಸ್‌ಗೆ ಹೋಗಿ ಗುರುತಿಲ್ಲದ್ದನ್ನು ಲಾಗೌಟ್ ಮಾಡಿ. ಸೆಕ್ಯುರಿಟಿ ನೋಟಿಫಿಕೇಶನ್ಸ್ ಆನ್ ಇಟ್ಟರೆ ಯಾರದಾದರೂ ಸೆಕ್ಯುರಿಟಿ ಕೋಡ್ (ನಿಮ್ಮಿಬ್ಬರ ನಡುವೆ ಬೇರೆಯವರ ಕೀ ನುಸುಳಿಲ್ಲ ಅಂತ ತಾಳೆ ನೋಡುವ ಅಂಕಿಗಳು) ಬದಲಾದಾಗ ತಿಳಿಯುತ್ತದೆ. ಹೊಸ ಫೋನ್ ತಗೊಂಡರೂ ಬದಲಾಗುತ್ತದೆ, ಸುಮ್ನೆ ಗಾಬರಿ ಬೇಡ, ಆದರೆ ಒಂದು ಫೋನ್ ಮಾಡಿ ಕೇಳಿ. ಎದುರಾ ಎದುರು ಸಿಕ್ಕಾಗ 60 ಅಂಕಿಯ ಕೋಡ್ ತಾಳೆ ನೋಡಿ, ಕ್ಯೂಆರ್ ಸ್ಕ್ಯಾನ್ ಮಾಡಿದರೆ ಇನ್ನೂ ಬೇಗ.

ಝೂಮ್‌ನಲ್ಲೂ ಎಂಡ್-ಟು-ಎಂಡ್ ಮೀಟಿಂಗ್‌ಗೆ ಇಂಥದೇ ಕೋಡ್ ಇದೆ. ಮೇಲಿನ ಹಸಿರು ಗುರಾಣಿಯ ಗುರುತು ಒತ್ತಿದರೆ ಸಿಗುತ್ತದೆ. ಈಗ ನಮ್ಮ ಕಾಲ್ ಶುರುವಾದ ಕೂಡಲೇ ಸಾವ್ಕಾರ್ರು ಕನ್ನಡಕ ಹಾಕಿಕೊಂಡು ಆ ಅಂಕಿಗಳನ್ನು ಬಿಡಿಬಿಡಿಯಾಗಿ ಓದುತ್ತಾರೆ, ಉಳಿದವರು ತಮ್ಮ ಸ್ಕ್ರೀನ್ ನೋಡಿ "ಹೌದ್ರೀ" ಅನ್ನುತ್ತಾರೆ. ಏಳೂ "ಹೌದ್ರೀ" ಎಣಿಸಿದ ಮೇಲೇ ಬಾಕಿ ಪುಸ್ತಕ ತೆಗೆಯುತ್ತೇನೆ.