ಪಾಡವಾಕ್ಕೆ ಮುಂಚೆ ಅಂಗಳ, ಟೆರೇಸ್ ಸಜ್ಜು ಮಾಡಿದ್ದು ಹೀಗೆ

ಗುಡಿ ಪಾಡವಾ ಸಾಡೇತೀನ್ ಮುಹೂರ್ತಗಳಲ್ಲೊಂದು, ಅಂದರೆ ಪಂಚಾಂಗ ನೋಡದೆಯೇ ಶುಭವೆನ್ನುವ ಮೂರೂವರೆ ದಿನಗಳಲ್ಲಿ ಒಂದು. ಅಂದೇ ಮನೆಗೆ ಟೋಕನ್ (ಮುಂಗಡ) ಕೊಡಬೇಕೆನ್ನುವವರು ಪುಣೆಯಲ್ಲಿ ಫೆಬ್ರುವರಿ ಕೊನೆಗೇ ಮನೆ ನೋಡಲು ಶುರು ಮಾಡುತ್ತಾರೆ. ಹಾಗಾಗಿ ಮಾರಾಟಕ್ಕಿದ್ದ ರೋ ಹೌಸಿನ (ಸಾಲುಮನೆಯ) ಹೊರಗೆಲಸವನ್ನು ನಾಲ್ಕು ವಾರ ಮುಂಚೆ ಹಿಡಿದೆ. ಹೂಕುಂಡ ಕೊನೆಗೆ, ಮೊದಲು ನೆಲ.

ಅಂಗಳಕ್ಕೆ ಹಾಸಿದ್ದು ನಮ್ಮ ಕಲಬುರಗಿ ಕಡೆಯ ಶಹಾಬಾದ್ ಫರಸಿ (ಹಾಸುಗಲ್ಲು). ಬೋರ್ ನೀರು ಬಿದ್ದಲ್ಲೆಲ್ಲ ಬಿಳಿ ಕಲೆ. ಆ್ಯಸಿಡ್ ಹಾಕಿ ಎನ್ನುವವರೇ ಹೆಚ್ಚು, ಹಾಕಲೇಬಾರದು. ಶಹಾಬಾದ್ ಸುಣ್ಣದ ಕಲ್ಲು, ಕಲೆಯೂ ಹೆಚ್ಚಾಗಿ ಸುಣ್ಣವೇ. ಆ್ಯಸಿಡ್ಡಿಗೆ ಎರಡೂ ಒಂದೇ: ಬುಸುಬುಸು ನೊರೆ ಎದ್ದು ಕಲ್ಲಿನ ಮೈಯನ್ನೂ ತಿನ್ನುತ್ತದೆ. ಆಮೇಲೆ ಆ ತರಿತರಿ ಜಾಗ ಮಣ್ಣು ಹಿಡಿದು ಕಲೆಗಿಂತ ಕೆಟ್ಟದಾಗಿ ಕಾಣುತ್ತದೆ. ಒಂದು ಬಕೆಟ್ ಬಿಸಿನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಗಟ್ಟಿ ಬ್ರಷ್ಷಿನಿಂದ ಉಜ್ಜಿದೆ. ಬಿಡದ ಕಲೆಗೆ ನೀರು ಹನಿಸುತ್ತ 120 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್), ಆಮೇಲೆ 220. ತೋಳು ನೋಯುತ್ತದೆ, ಕಲ್ಲು ಉಳಿಯುತ್ತದೆ. ಸಂದುಗಳ ಸಡಿಲ ಸಿಮೆಂಟನ್ನು ಕೆರೆದು, 1 ಪಾಲು ಸಿಮೆಂಟಿಗೆ 3 ಪಾಲು ಜರಡಿ ಮರಳು ಕಲಸಿ ತುಂಬಿದೆ. ಮೂರು ದಿನ ನೀರುಣಿಸಿ ಕ್ಯೂರಿಂಗ್ ಮಾಡದಿದ್ದರೆ ಇಲ್ಲಿನ ಒಣಗಾಳಿಗೆ ಬಿರುಕು ಖಂಡಿತ.

ಟೆರೇಸಿನ ಪ್ಯಾರಾಪೆಟ್ (ಅಂಚಿನ ಗಿಡ್ಡ ಗೋಡೆ) ಬುಡದಲ್ಲಿ ಉಪ್ಪು ಬಿಳಿ ಪುಡಿಯಾಗಿ ಒಡೆದಿತ್ತು. ಅದನ್ನು ಒಣ ಬ್ರಷ್ಷಿನಿಂದಲೇ ಉದುರಿಸಬೇಕು. ನೀರು ಹಾಕಿದರೆ ಕರಗಿ ಗೋಡೆಯೊಳಗೇ ಸೇರಿಕೊಳ್ಳುತ್ತದೆ, ಮೇಲೆ ಬಳಿದ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಉದುರಿಸಿದ ಮೇಲೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗಂಟಿಸಿ ಒಂದು ದಿನ ಬಿಟ್ಟೆ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದರೆ ಬಣ್ಣದ ಡಬ್ಬಿ ತೆರೆಯಬೇಡಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಬಣ್ಣದಿಂದ ಮುಚ್ಚಿ ಪ್ರಯೋಜನವೂ ಇಲ್ಲ, ಬಂದವರು ಟೆರೇಸಿನ ಕೆಳಗಿನ ಸೀಲಿಂಗನ್ನು ನೋಡಿಯೇ ನೋಡುತ್ತಾರೆ.

ಪಾರಿವಾಳದ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಕಾಲು ಗಂಟೆ ಬಿಟ್ಟು, ಮಾಸ್ಕ್ ಹಾಕಿಕೊಂಡು ಕೆರೆಯಿರಿ. ರೇಲಿಂಗಿನ ತುಕ್ಕಿಗೆ 80 ನಂಬರಿನ ಸ್ಯಾಂಡ್ ಪೇಪರ್, ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್, ಆಮೇಲೆ ಎರಡು ಕೋಟ್ ಎನಾಮೆಲ್ ಬಣ್ಣ. ವಾಸನೆ ಹೋಗಲು ನಾಲ್ಕೈದು ದಿನ ಬೇಕು.

ಗಿಡಗಳನ್ನು ಸೋಲಾಪುರ ರಸ್ತೆಯ ಉರುಳಿ ಕಾಂಚನ್ ನರ್ಸರಿಗಳಿಂದ ಹತ್ತು ದಿನ ಮುಂಚೆ ತಂದೆ. ಹಸಿರು ಬಲೆಯ ನೆರಳಿನಿಂದ ನೇರ ಬಿಸಿಲಿಗೆ ಬಂದ ಗಿಡ ಮೊದಲ ವಾರ ಮುನಿಸಿಕೊಂಡು ಹೂವುದುರಿಸುತ್ತದೆ. ಬೋಗನ್‌ವಿಲ್ಲಾಕ್ಕೆ ಬೇರು ಕದಡಿದರೆ ಆಗದು. ತಂದ ಚೀಲವನ್ನೇ ದೊಡ್ಡ ಕುಂಡದೊಳಗೆ ಇಳಿಸಿಟ್ಟೆ. ದಿನಾ ನೀರು ಹಾಕಿದರೆ ಬರೀ ಎಲೆ. ಮೇಲ್ಮಣ್ಣು ಎರಡು ಬೆರಳು ಒಣಗಿದ ಮೇಲೆ ಹಾಕಿದರೆ ಹೂ. ಪಿಟೂನಿಯಾ ಮಾರ್ಚ್ ಕೊನೆಯ ಬಿಸಿಲಿಗೆ ಸೋಲುತ್ತದೆ, ಅದಕ್ಕೆ ದುಡ್ಡು ಸುರಿಯಲಿಲ್ಲ. ಬಾಗಿಲೆದುರು ತುಳಸಿ, ಪಕ್ಕಕ್ಕೆ ಮೊಗ್ಗು ಬಿಟ್ಟ ಮಲ್ಲಿಗೆ, ಸಾಕು.

ಕುಂಡಗಳು ನೀರು ಹೋಗುವ ಜಾಳಿಗೆ ಅಡ್ಡ ಬರಬಾರದು. ಪಶ್ಚಿಮದ ಟೆರೇಸನ್ನು ಸಂಜೆ 5.30ರ ನಂತರವೇ ತೋರಿಸಿದೆ, ಅದಕ್ಕೂ ಮುಂಚೆ ಫರಸಿ ಕಾದ ಹಂಚು. ಯಾರಾದರೂ ಮಳೆಗಾಲದ ಮಾತೆತ್ತಿದರೆ ಒಂದು ಬಕೆಟ್ ನೀರನ್ನು ದೂರದ ಮೂಲೆಯಲ್ಲಿ ಸುರಿಯುತ್ತಿದ್ದೆ. ನೀರು ಎಲ್ಲೂ ನಿಲ್ಲದೆ ಜಾಳಿಗೆ ಹೋಗುವುದನ್ನು ಅವರೇ ನಿಂತು ನೋಡುತ್ತಿದ್ದರು.