‘ಸೆಟ್’ ಪದವನ್ನು ಕಲಿಯುವವರಿಗೆ ಒಂದು ಸಲಹೆ

ಇಂಗ್ಲಿಷ್ ಕಲಿಯುತ್ತಿರುವ ಸದಸ್ಯರು ‘ಸೆಟ್’ ಪದದ ಅರ್ಥಗಳನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡುವ ಶ್ರಮವನ್ನು ದಯವಿಟ್ಟು ಕೈಬಿಡಬೇಕು. 1989ರಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ದೊರೆತಿರುವುದು ಈ ಪುಟ್ಟ ಪದಕ್ಕೇ. ಬಾಯಿಪಾಠದ ಬದಲು ಅಕ್ಕಪಕ್ಕದ ಪದಗಳನ್ನು ಗಮನಿಸಿ, ಇಡೀ ವಾಕ್ಯವನ್ನೇ ಬರೆದಿಟ್ಟುಕೊಳ್ಳಿ. ಸೂರ್ಯನ ವಿಷಯದಲ್ಲಿ ಅದು ಮುಳುಗುವುದು, ಮೊಸರಿನ ವಿಷಯದಲ್ಲಿ ಹೆಪ್ಪುಗಟ್ಟುವುದು, ಸಿಮೆಂಟಿನ ವಿಷಯದಲ್ಲಿ ಗಟ್ಟಿಯಾಗುವುದು. ವೈದ್ಯರು ಮುರಿದ ಮೂಳೆಯನ್ನು ಕೂಡಿಸುವುದಕ್ಕೂ ಅಧ್ಯಾಪಕರು ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದಕ್ಕೂ ಇದೇ ಕ್ರಿಯಾಪದ ಸಲ್ಲುತ್ತದೆ. ನಮ್ಮ ಸೆಟ್ ದೋಸೆಯಲ್ಲಿರುವುದು ಮಾತ್ರ ನಾಮಪದ.

ಹೆಚ್ಚು ಎಚ್ಚರ ಬೇಕಾಗುವುದು ‘ಸೆಟ್ ಅಸೈಡ್’ ಎಂಬ ಬಳಕೆಯಲ್ಲಿ. ಹಣದ ಮಾತಿನಲ್ಲಿ ಅದು ಎತ್ತಿಡುವುದನ್ನು ಸೂಚಿಸಿದರೆ, ಮೇಲಿನ ನ್ಯಾಯಾಲಯವು ಕೆಳಗಿನ ನ್ಯಾಯಾಲಯದ ಆದೇಶವನ್ನು ಹಾಗೆ ಮಾಡಿತೆಂದರೆ ಆ ಆದೇಶ ರದ್ದಾಯಿತೆಂದೇ ತಿಳಿಯಬೇಕು. ಜಮೀನಿನ ವ್ಯಾಜ್ಯದ ಕಾಗದವನ್ನು ಓದುವವರು ‘ಬದಿಗಿಟ್ಟರು, ಮುಂದೆ ನೋಡುತ್ತಾರೆ’ ಎಂದು ಭಾವಿಸಿದರೆ ಮೇಲ್ಮನವಿಯ ಅವಧಿಯೇ ಕಳೆದುಹೋಗಬಹುದು.

ನಿಘಂಟನ್ನು ಕೊಳ್ಳುವಾಗ ಕಲಿಯುವವರಿಗಾಗಿಯೇ ಸಿದ್ಧಪಡಿಸಿದ್ದನ್ನು ಆರಿಸಿಕೊಳ್ಳಿ. ಅವುಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಬಳಕೆಯ ಅರ್ಥಗಳು ಮೊದಲು ಬರುತ್ತವೆ, ಉದಾಹರಣೆ ವಾಕ್ಯಗಳೂ ಇರುತ್ತವೆ.